ಗೆರೆಯ ಮೇಲಿನ ಎರಡು ಊರುಗಳು

ನೋವಾ ಗೊರಿತ್ಸಾ ರೈಲು ನಿಲ್ದಾಣದ ಮುಂಬಾಗಿಲಿನಿಂದ ಹೊರಬಂದ ಪ್ರಯಾಣಿಕನು ಕೆಲವೇ ಹೆಜ್ಜೆ ನೇರವಾಗಿ ನಡೆದರೆ ಬೇರೊಂದು ದೇಶದಲ್ಲಿರುತ್ತಾನೆ. ನಿಲ್ದಾಣ ಸ್ಲೊವೇನಿಯದ್ದು, ಅದರ ಮುಂದಿನ ಅಂಗಳ ಒಂದಿಷ್ಟು ಸ್ಲೊವೇನಿಯದ್ದು, ಒಂದಿಷ್ಟು ಇಟಲಿಯದ್ದು. ಅಂಗಳದ ನಡುವೆ ನೆಲಕ್ಕೆ ಹುದುಗಿಸಿದ ದುಂಡನೆಯ ಫಲಕವೊಂದಿದೆ. ಅದರ ಈಚೆಗೊಂದು, ಆಚೆಗೊಂದು ಕಾಲಿಟ್ಟು ಚಿತ್ರ ತೆಗೆಸಿಕೊಳ್ಳದೆ ಹೋಗುವ ಪ್ರವಾಸಿ ಅಪರೂಪ. ಸ್ಲೊವೇನರು ಇದನ್ನು ಯುರೋಪ್ ಚೌಕವೆನ್ನುತ್ತಾರೆ; ಇಟಾಲಿಯನ್ನರಿಗೆ ಇದು ಟ್ರಾನ್ಸಾಲ್ಪಿನಾ ಚೌಕ, ಅಂದರೆ ಆಲ್ಪ್ಸ್ ಪರ್ವತದಾಚೆಯ ರೈಲುಮಾರ್ಗದ ಚೌಕ. ಒಂದೇ ಜಾಗಕ್ಕೆ ಎರಡು ಹೆಸರಿರುವುದು ಗಡಿನಾಡಿನ ಓದುಗರಿಗೆ ಹೊಸ ಸಂಗತಿಯಲ್ಲ.

ಈ ರೈಲುಮಾರ್ಗ 1906ರಲ್ಲಿ ತೆರೆದಾಗ ಇಲ್ಲಿ ಗಡಿಯೇ ಇರಲಿಲ್ಲ. ಆಸ್ಟ್ರಿಯ–ಹಂಗೇರಿ ಸಾಮ್ರಾಜ್ಯದ ಒಳನಾಡನ್ನು ಟ್ರಿಯೆಸ್ಟ್ ಬಂದರಿಗೆ ಜೋಡಿಸಲು ಬೆಟ್ಟಗಳನ್ನು ಕೊರೆದು ಹಾಕಿದ ಹಳಿ ಇದು. ಊರಿನ ಉತ್ತರಕ್ಕೆ ಸೋಚಾ ನದಿಯ ಮೇಲೆ ಈ ಹಳಿಗಾಗಿಯೇ ಕಟ್ಟಿದ ಸೊಲ್ಕಾನ್ ಸೇತುವೆಯ ಕಲ್ಲಿನ ಕಮಾನು 85 ಮೀಟರ್ ಅಗಲವಿದೆ. ಕೆತ್ತಿದ ಕಲ್ಲುಗಳಿಂದ ಕಟ್ಟಿದ ರೈಲು ಸೇತುವೆಗಳಲ್ಲಿ ಇಷ್ಟು ಅಗಲದ ಕಮಾನು ಬೇರೆಲ್ಲೂ ಇಲ್ಲ. ಮೊದಲ ಮಹಾಯುದ್ಧದಲ್ಲಿ ಇದೇ ನದಿಯ ದಂಡೆಯಲ್ಲಿ ಹನ್ನೆರಡು ಕದನಗಳು ನಡೆದವು. ಯುದ್ಧ ಮುಗಿದಾಗ ಇಡೀ ನಾಡು ಇಟಲಿಯ ಪಾಲಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್ ಶಾಂತಿ ಒಪ್ಪಂದದ ಪ್ರಕಾರ 1947ರ ಸೆಪ್ಟೆಂಬರಿನಲ್ಲಿ ಹೊಸ ಗೆರೆ ಎಳೆಯಲಾಯಿತು. ಗೊರಿತ್ಸಿಯಾ ಪಟ್ಟಣ ಇಟಲಿಯಲ್ಲಿ ಉಳಿಯಿತು. ಅದರ ರೈಲು ನಿಲ್ದಾಣ, ಸುತ್ತಲಿನ ಹಳ್ಳಿಗಳು, ಹೊಲಗದ್ದೆಗಳು ಯುಗೊಸ್ಲಾವಿಯಕ್ಕೆ ಹೋದವು.

ಪಟ್ಟಣ ಕಳೆದುಕೊಂಡ ಹಳ್ಳಿಗಳಿಗೆ ಸಂತೆಯಿಲ್ಲ, ಆಸ್ಪತ್ರೆಯಿಲ್ಲ, ಪ್ರೌಢಶಾಲೆಯಿಲ್ಲ. ಯುಗೊಸ್ಲಾವಿಯ ಸರಕಾರ 1948ರಲ್ಲಿ ಗೆರೆಯ ಈಚೆ ಬಯಲಿನಲ್ಲಿ ಹೊಸ ಪಟ್ಟಣಕ್ಕೆ ಅಡಿಗಲ್ಲು ಹಾಕಿತು. ನಕ್ಷೆ ಬರೆದವರು ಎಡ್ವರ್ಡ್ ರಾವ್ನಿಕಾರ್. ಪ್ಯಾರಿಸಿನಲ್ಲಿ ಲೆ ಕಾರ್ಬ್ಯೂಸಿಯೆ ಅವರ ಕೈಕೆಳಗೆ ಪಳಗಿದವರು. ಚಂಡೀಗಢದ ನಕ್ಷೆಯನ್ನು ರೂಪಿಸಿದ ಅದೇ ಲೆ ಕಾರ್ಬ್ಯೂಸಿಯೆ. ಅಗಲವಾದ ನೇರ ಬೀದಿ, ಸಾಲುಮರ, ಹಸಿರಿನ ನಡುವೆ ನಿಂತ ಚೌಕಾಕಾರದ ವಸತಿ ಕಟ್ಟಡಗಳನ್ನು ನೋಡಿದ ಭಾರತೀಯನಿಗೆ ಎಲ್ಲೋ ಕಂಡ ಊರೆನಿಸಿದರೆ ಅದಕ್ಕೆ ಕಾರಣವಿದೆ. ‘ಗೊರಿತ್ಸಾ’ ಎಂದರೆ ಸ್ಲೊವೇನ್ ನುಡಿಯಲ್ಲಿ ಚಿಕ್ಕ ಗುಡ್ಡ. ‘ನೋವಾ’ ಎಂದರೆ ಹೊಸತು. ಆಚೆಯ ಹಳೆಯ ಪಟ್ಟಣದ ಹೆಸರೂ ಅದೇ ಮಾತಿನಿಂದ ಬಂದದ್ದು. ಕ್ರಿ.ಶ. 1001ರ ದಾನಪತ್ರದಲ್ಲಿ ಆ ಊರು ಮೊದಲ ಸಲ ಕಾಣಿಸಿಕೊಂಡಾಗ, ಸ್ಲಾವರ ಭಾಷೆಯಲ್ಲಿ ಗೊರಿತ್ಸಾ ಎನ್ನಿಸಿಕೊಳ್ಳುವ ಹಳ್ಳಿ ಎಂದೇ ಬರೆದಿದ್ದಾರೆ. ಊರು ಯಾರದು ಎಂಬ ವಾದ ಎದ್ದಾಗಲೆಲ್ಲ ಈ ಸಾಲನ್ನು ಮುಂದಿಡುವವರಿದ್ದಾರೆ. ಆದರೆ ಸಾವಿರ ವರ್ಷದ ಹಿಂದಿನ ದಾನಪತ್ರದಿಂದ ಇಂದಿನ ಗಡಿ ತೀರ್ಮಾನವಾಗುವಂತಿದ್ದರೆ ಯುರೋಪಿನಲ್ಲಿ ಯಾವ ಊರೂ ಇದ್ದಲ್ಲಿ ಇರುತ್ತಿರಲಿಲ್ಲ.

ನಿಲ್ದಾಣದ ಹಿಂದಿನ ಗುಡ್ಡದ ಮೇಲೆ ಕೊಸ್ತಾನ್ಯೆವಿತ್ಸಾ ಮಠವಿದೆ. ಫ್ರಾನ್ಸಿನ ಸಿಂಹಾಸನ ಕಳೆದುಕೊಂಡು ದೇಶಭ್ರಷ್ಟನಾಗಿ ಬಂದು 1836ರಲ್ಲಿ ಗೊರಿತ್ಸಿಯಾದಲ್ಲಿ ತೀರಿಕೊಂಡ ದೊರೆ ಹತ್ತನೆಯ ಚಾರ್ಲ್ಸ್ ಅಲ್ಲಿ ಮಲಗಿದ್ದಾನೆ. ಅವನ ಗೋರಿ ಮೊದಲು ಆಸ್ಟ್ರಿಯದಲ್ಲಿತ್ತು, ಬಳಿಕ ಇಟಲಿಯಲ್ಲಿ, ಅನಂತರ ಯುಗೊಸ್ಲಾವಿಯದಲ್ಲಿ, ಈಗ ಸ್ಲೊವೇನಿಯದಲ್ಲಿದೆ. ಗೆರೆಗಳು ಹೀಗೆ ಓಡಾಡಿದ ನೆಲದಲ್ಲಿ, ದಕ್ಷಿಣಕ್ಕೆ ಕೆಲವು ಕಿಲೋಮೀಟರ್ ದೂರದ ಮಿರೆನ್ ಹಳ್ಳಿಯ ಕಥೆ ಇನ್ನೂ ಕಠಿಣವಾದದ್ದು. ಅಲ್ಲಿ 1947ರ ಗಡಿ ಸ್ಮಶಾನದ ನಡುವೆ ಹಾದುಹೋಯಿತು. ಸಮಾಧಿಗಳ ನಡುವೆ ಬೇಲಿ ನಿಂತಿತು. ಎರಡು ದೇಶಗಳು 1975ರಲ್ಲಿ ಓಸಿಮೊ ಎಂಬಲ್ಲಿ ಗಡಿಯನ್ನು ಅಂತಿಮಗೊಳಿಸುವ ಒಪ್ಪಂದಕ್ಕೆ ಸಹಿ ಹಾಕಿದ ಮೇಲಷ್ಟೆ ಸ್ಮಶಾನ ಒಂದಾಯಿತು.

ಬೇಲಿ ಬಂದ ಮೂರನೆಯ ವರ್ಷ, 1950ರ ಆಗಸ್ಟ್ 13ರ ಭಾನುವಾರ, ಈಚೆಯ ಸಾವಿರಾರು ಜನ ಗಡಿಯ ಬಳಿ ಬಂಧುಗಳನ್ನು ಕಾಣಲೆಂದು ಸೇರಿದವರು ಕಾವಲನ್ನು ನೂಕಿಕೊಂಡು ಗೊರಿತ್ಸಿಯಾದೊಳಗೆ ನುಗ್ಗಿಬಿಟ್ಟರು. ದಂಗೆ ಮಾಡಲಿಲ್ಲ, ನೆಂಟರನ್ನು ತಬ್ಬಿಕೊಂಡರು, ಅಂಗಡಿಗಳಲ್ಲಿ ಸಾಮಾನು ಕೊಂಡರು, ಸಂಜೆಗೆ ಮನೆಗೆ ಮರಳಿದರು. ಹೆಚ್ಚಿನವರ ಕೈಯಲ್ಲಿ ಇದ್ದದ್ದು ಪೊರಕೆ. ಈಚೆ ಆಗ ಪೊರಕೆಗೂ ಬರವಿತ್ತು. ಆ ದಿನವನ್ನು ಎರಡೂ ಊರಿನವರು ಇಂದಿಗೂ ಪೊರಕೆ ಭಾನುವಾರವೆಂದೇ ನೆನೆಯುತ್ತಾರೆ. 1955ರ ಉದಿನೆ ಒಪ್ಪಂದದಿಂದ ಗಡಿಯ ಎರಡು ಬದಿಯ ನಿವಾಸಿಗಳಿಗೆ ವಿಶೇಷ ಪರವಾನಗಿ ಪತ್ರ ಸಿಕ್ಕಿತು. ಅಂದಿನಿಂದ ಬೇಲಿಯಿದ್ದರೂ ದಾರಿಯಿತ್ತು. ಈಚೆಯವರು ಕಾಫಿಪುಡಿಗೂ ಜೀನ್ಸ್ ಪ್ಯಾಂಟಿಗೂ ಆಚೆ ಹೋದರು. ಆಚೆಯವರು ಮಾಂಸಕ್ಕೂ ಪೆಟ್ರೋಲಿಗೂ ಈಚೆ ಬಂದರು. ಮುಂದೆ ಜೂಜಿನ ಮನೆಗಳಿಗೂ ಬಂದರು. ಹೊಸ ಪಟ್ಟಣಕ್ಕೆ ಅವು ತಂದ ಹಣವನ್ನು ಅಲ್ಲಗಳೆಯಲಾಗದು. ತಂದ ಶೋಭೆಯನ್ನು ಮಾತ್ರ ಹೊಗಳಲಾಗದು.

ಸ್ಲೊವೇನಿಯ 1991ರ ಜೂನ್ 25ರಂದು ಸ್ವತಂತ್ರ ದೇಶವೆಂದು ಘೋಷಿಸಿಕೊಂಡಿತು. ಹತ್ತು ದಿನಗಳ ಕಾಳಗದ ಬಳಿಕ ಯುಗೊಸ್ಲಾವ್ ಸೇನೆ ಹಿಂದೆಗೆಯಲು ಒಪ್ಪಿತು. ವಿಸ್ತೀರ್ಣ 20 ಸಾವಿರ ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಂದರೆ ಕರ್ನಾಟಕದ ಹತ್ತರಲ್ಲೊಂದು ಪಾಲು. ಜನಸಂಖ್ಯೆ ಸುಮಾರು 21 ಲಕ್ಷ. ಇಟಲಿ, ಆಸ್ಟ್ರಿಯ, ಹಂಗೇರಿ, ಕ್ರೊಯೇಷಿಯ ಎಂಬ ನಾಲ್ಕು ನೆರೆಯವರು. ಇಷ್ಟು ಪುಟ್ಟ ದೇಶಕ್ಕೆ ವಿದೇಶಾಂಗ ನೀತಿ ಎಂದರೆ ದೂರದ ರಾಜಧಾನಿಗಳ ಔತಣಕೂಟವಲ್ಲ. ಅದರ ಯಾವ ಊರಿನಿಂದ ಹೊರಟರೂ ಎರಡು ಮೂರು ಗಂಟೆಗಳ ಕಾರು ಪಯಣದಲ್ಲಿ ಒಂದಲ್ಲ ಒಂದು ಗಡಿ ಎದುರಾಗುತ್ತದೆ. ಅಂಥ ದೇಶಕ್ಕೆ ಎರಡೇ ದಾರಿ: ಯಾವುದಾದರೂ ದೊಡ್ಡ ಅಂಗಳದ ಅಂಚಿನಲ್ಲಿ ಕಾವಲುಗಾರನಾಗಿ ನಿಲ್ಲುವುದು, ಇಲ್ಲವೆ ಆ ಅಂಗಳವನ್ನೇ ಹಿಗ್ಗಿಸಿ ತಾನು ಅದರ ನಡುವೆ ಬರುವುದು. ಸ್ಲೊವೇನಿಯ ಎರಡನೆಯದನ್ನು ಆರಿಸಿಕೊಂಡಿತು.

ಮೊದಲು ತಾನು ಒಳಗೆ ಬರಬೇಕಿತ್ತು. ಐರೋಪ್ಯ ಒಕ್ಕೂಟದ ನಿಯಮದಂತೆ ಹೊಸಬರು ಸೇರಲು ಒಳಗಿರುವ ಪ್ರತಿಯೊಂದು ದೇಶದ ಒಪ್ಪಿಗೆಯೂ ಬೇಕು. ಒಬ್ಬರು ತಲೆ ಅಲ್ಲಾಡಿಸಿದರೂ ಬಾಗಿಲು ತೆರೆಯದು. ಸ್ಲೊವೇನಿಯದ ಪಾಲಿಗೆ ತಲೆ ಅಲ್ಲಾಡಿಸಿದ್ದು ಇಟಲಿ. ಎರಡನೆಯ ಮಹಾಯುದ್ಧದ ಅನಂತರ ಯುಗೊಸ್ಲಾವಿಯಕ್ಕೆ ಸೇರಿದ ಕರಾವಳಿಯಿಂದ ಬಹುಸಂಖ್ಯೆಯಲ್ಲಿ ಇಟಾಲಿಯನ್ನರು ಮನೆಮಠ ತೊರೆದು ಹೋಗಿದ್ದರು. ಅವರ ಆಸ್ತಿಯ ಪರಿಹಾರವಾಗಿ 11 ಕೋಟಿ ಡಾಲರ್ ಕೊಡಲು ಯುಗೊಸ್ಲಾವಿಯ 1983ರ ರೋಮ್ ಒಪ್ಪಂದದಲ್ಲಿ ಒಪ್ಪಿಕೊಂಡಿತ್ತು. 1994ರಲ್ಲಿ ಇಟಲಿಯ ಹೊಸ ಸರಕಾರ ಹಳೆಯ ಕಡತವನ್ನು ಮತ್ತೆ ಬಿಚ್ಚಿತು. ಹಣವಲ್ಲ, ಮನೆಗಳೇ ಬೇಕೆಂದಿತು. ಅಷ್ಟು ಕಾಲ ಸ್ಲೊವೇನಿಯದ ಸಹಯೋಗ ಒಪ್ಪಂದ ಮೇಜಿನ ಮೇಲೆಯೇ ಬಿದ್ದಿತ್ತು. ಕೊನೆಗೆ ಸ್ಪೇನ್ ಸಂಧಾನದ ಸೂತ್ರವೊಂದನ್ನು ಹೊಸೆಯಿತು: ಸ್ಲೊವೇನಿಯದಲ್ಲಿ ಹಿಂದೆ ಮೂರು ವರ್ಷ ನೆಲೆಸಿದ್ದ ಐರೋಪ್ಯ ನಾಗರಿಕರು ಅಲ್ಲಿ ಆಸ್ತಿ ಕೊಳ್ಳಬಹುದು. 1996ರ ಜೂನಿನಲ್ಲಿ ಸಹಯೋಗ ಒಪ್ಪಂದಕ್ಕೆ ಸಹಿಯಾಯಿತು. ಮರುವರ್ಷ ಸ್ಲೊವೇನಿಯ ತನ್ನ ಸಂವಿಧಾನದ 68ನೆಯ ವಿಧಿಯನ್ನೇ ತಿದ್ದಿತು. ಹುಟ್ಟಿ ಆರು ವರ್ಷವಾದ ದೇಶವೊಂದು ನೆರೆಯವರ ಒತ್ತಡಕ್ಕೆ ಸಂವಿಧಾನ ತಿದ್ದಬೇಕಾಗಿ ಬಂದ ಕಹಿ ಸುಲಭಕ್ಕೆ ಮಾಯುವಂಥದಲ್ಲ.

2004ರ ಮೇ 1ರಂದು ಸ್ಲೊವೇನಿಯ ಒಕ್ಕೂಟದ ಸದಸ್ಯವಾಯಿತು. ನಿಲ್ದಾಣದ ಮುಂದಿನ ಬೇಲಿ ಆ ಹೊತ್ತಿಗೆ ಹೋಗಿತ್ತು. ಹಿಂದಿನ ರಾತ್ರಿ ಅದೇ ಚೌಕದಲ್ಲಿ ಎರಡು ಊರುಗಳು ಕೂಡಿ ಹಬ್ಬ ಮಾಡಿದವು. 2007ರ ಆರಂಭದಲ್ಲಿ ಯೂರೊ ನಾಣ್ಯ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ, ಗಡಿಯಲ್ಲಿ ತಪಾಸಣೆಯೇ ಇಲ್ಲದ ಷೆಂಗೆನ್ ವಲಯಕ್ಕೆ ದೇಶ ಸೇರಿತು. ಊರಿನ ತಪಾಸಣಾ ಕಟ್ಟೆಗಳು ಖಾಲಿಯಾದವು.

ಹೀಗೆ ಪಶ್ಚಿಮದ ಗೆರೆ ಅಳಿಸಿತು. ಆದರೆ ಒಕ್ಕೂಟದ ಹೊರ ಅಂಚು ಆಗ ಸ್ಲೊವೇನಿಯದ ದಕ್ಷಿಣದ ಗಡಿಯಾಯಿತು. ಅದರಾಚೆಗೆ ಕ್ರೊಯೇಷಿಯ, ಇನ್ನೂ ಆಚೆಗೆ ಬೋಸ್ನಿಯ, ಸರ್ಬಿಯ, ಮಾಂಟೆನೆಗ್ರೊ, ಕೊಸೊವೊ, ಮ್ಯಾಸಿಡೋನಿಯ. ಒಂದು ಕಾಲಕ್ಕೆ ಒಂದೇ ದೇಶವಾಗಿದ್ದ ನೆಲ. ಅಲ್ಲಿ ಏನಾದರೂ ಅದರ ಅಲೆ ಮೊದಲು ಮುಟ್ಟುವುದು ಸ್ಲೊವೇನಿಯವನ್ನು. ಬೋಸ್ನಿಯ ಹೊತ್ತಿ ಉರಿದಾಗ ನಿರಾಶ್ರಿತರು ಬಂದದ್ದು ಇಲ್ಲಿಗೆ. 2015ರ ಶರತ್ಕಾಲದಿಂದ ಮರುವರ್ಷದ ವಸಂತದವರೆಗೆ 4 ಲಕ್ಷಕ್ಕೂ ಹೆಚ್ಚು ವಲಸಿಗರು ಈ ಪುಟ್ಟ ದೇಶದ ಮೂಲಕ ಉತ್ತರಕ್ಕೆ ನಡೆದರು. ಆಗ ಕ್ರೊಯೇಷಿಯದ ಗಡಿಯುದ್ದಕ್ಕೂ ಸ್ಲೊವೇನಿಯ ಬ್ಲೇಡಿನ ತಂತಿಬೇಲಿ ಹಾಕಿತು. ಬೇಲಿ ಕಿತ್ತ ಹಬ್ಬವಾಗಿ ಹನ್ನೊಂದು ವರ್ಷಕ್ಕೆ ತಾನೇ ಹಾಕಿದ ಬೇಲಿ! ಅದನ್ನು ತೆಗೆಯತೊಡಗಿದ್ದು 2022ರಲ್ಲಿ.

ಕ್ರೊಯೇಷಿಯ ಬೇಗ ಒಕ್ಕೂಟ ಸೇರಿದರೆ ಸ್ಲೊವೇನಿಯ ಅಂಚಿನಿಂದ ನಡುವಿಗೆ ಬರುತ್ತಿತ್ತು. ಲೆಕ್ಕ ಇಷ್ಟು ಸರಳವಾಗಿದ್ದರೂ 2008ರ ಡಿಸೆಂಬರಿನಲ್ಲಿ ಕ್ರೊಯೇಷಿಯದ ಮಾತುಕತೆಗಳನ್ನು ತಡೆದು ನಿಲ್ಲಿಸಿದ್ದು ಸ್ಲೊವೇನಿಯವೇ.

ಕಾರಣ ತಿಳಿಯಬೇಕಾದರೆ ನೋವಾ ಗೊರಿತ್ಸಾದಿಂದ ದಕ್ಷಿಣಕ್ಕೆ, ಪಿರಾನ್ ಎಂಬ ಕಡಲೂರಿಗೆ ಹೋಗಬೇಕು. ಸ್ಲೊವೇನಿಯದ ಕರಾವಳಿಯ ಉದ್ದ 50 ಕಿಲೋಮೀಟರಿಗೂ ಕಡಿಮೆ. ಅದರ ತುದಿಯಲ್ಲಿ ಕಡಲಿನೊಳಕ್ಕೆ ಮೂಗು ಚಾಚಿದಂತಿದೆ ಪಿರಾನ್. ವೆನಿಸ್ ಗಣರಾಜ್ಯದ ಕಾಲದ ಕಿರುದಾರಿಗಳು, ಬೆಟ್ಟದ ಮೇಲೆ ಇಗರ್ಜಿಯ ಗಂಟೆಗೋಪುರ, ಬೀದಿಯ ಫಲಕಗಳಲ್ಲಿ ಸ್ಲೊವೇನ್ ಹಾಗೂ ಇಟಾಲಿಯನ್ ಎರಡೂ. ಊರಿನ ದಕ್ಷಿಣದ ಕೊಲ್ಲಿಯ ಒಳಮೂಲೆಯಲ್ಲಿ ಸೆಚೊವ್ಲ್ಯೆ ಉಪ್ಪಿನ ಗದ್ದೆಗಳಿವೆ. ಬಿಸಿಲಿಗೆ ಕಡಲ ನೀರನ್ನು ಕಟ್ಟಿ ಉಪ್ಪು ತೆಗೆಯುವ ಕೆಲಸ ಅಲ್ಲಿ ಏಳು ನೂರು ವರ್ಷಗಳಿಂದ ನಡೆದಿದೆ. ಉಪ್ಪಿನ ಗದ್ದೆಯ ಬದುವಿನ ಮೇಲೆ ನಿಂತರೆ ಎದುರಿನ ದಂಡೆಯಲ್ಲಿ ಕಾಣುವುದು ಕ್ರೊಯೇಷಿಯ.

ಯುಗೊಸ್ಲಾವಿಯದ ಕಾಲದಲ್ಲಿ ಈ ಕೊಲ್ಲಿಯ ನೀರನ್ನು ಹಂಚಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಎರಡು ದೇಶಗಳಾದ ಮೇಲೆ ಕೊಲ್ಲಿಯ ನಡುವೆ ಸಮನಾಗಿ ಗೆರೆ ಎಳೆಯಬೇಕೆಂದು ಕ್ರೊಯೇಷಿಯ ವಾದಿಸಿತು. ಹಾಗೆ ಎಳೆದರೆ ಇಟಲಿಯ ನೀರು ಒಂದು ಕಡೆ, ಕ್ರೊಯೇಷಿಯದ ನೀರು ಇನ್ನೊಂದು ಕಡೆ ಮುಚ್ಚಿಕೊಂಡು ಸ್ಲೊವೇನಿಯಕ್ಕೆ ಮುಕ್ತ ಸಾಗರಕ್ಕೆ ನೇರ ದಾರಿಯೇ ಇಲ್ಲದಂತಾಗುತ್ತದೆ. ಕೋಪರ್ ಎಂಬ ಒಂದೇ ಬಂದರನ್ನು ನಂಬಿ ಬದುಕುವ ದೇಶಕ್ಕೆ ಇದು ಜೀವನ್ಮರಣದ ವಿಷಯವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಕ್ರೊಯೇಷಿಯ ತನ್ನ ಅರ್ಜಿಯ ಕಾಗದಗಳೊಡನೆ ಇಟ್ಟ ನಕ್ಷೆಗಳು ವ್ಯಾಜ್ಯದ ಗಡಿಯನ್ನು ಮೊದಲೇ ತೀರ್ಮಾನಿಸಿದಂತಿವೆ ಎಂಬುದು ಸ್ಲೊವೇನಿಯದ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿತ್ತು. ಆದರೆ ಹದಿನಾಲ್ಕು ವರ್ಷದ ಹಿಂದೆ ಇಟಲಿ ಮಾಡಿದ್ದೂ ಇದನ್ನೇ: ಬಾಗಿಲಿನ ಹೊರಗೆ ನಿಂತವನ ಮುಂದೆ ಹಳೆಯ ಸಾಲದ ಚೀಟಿ ಹಿಡಿಯುವುದು. ಸ್ಲೊವೇನಿಯ ಆ ಪಾಠವನ್ನು ಬಹಳ ಬೇಗ, ಬಹಳ ಚೆನ್ನಾಗಿ ಕಲಿತಿತ್ತು.

ಹತ್ತು ತಿಂಗಳ ಜಗ್ಗಾಟದ ಬಳಿಕ 2009ರ ನವೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಎರಡು ದೇಶಗಳ ಪ್ರಧಾನಿಗಳು ವ್ಯಾಜ್ಯವನ್ನು ಅಂತಾರಾಷ್ಟ್ರೀಯ ಪಂಚಾಯಿತಿ ಮಂಡಳಿಗೆ ಒಪ್ಪಿಸುವ ಕರಾರಿಗೆ ಸಹಿ ಹಾಕಿದರು. ಸ್ಲೊವೇನಿಯ ಅದನ್ನು ಜನಮತಕ್ಕಿಟ್ಟಿತು. 2010ರ ಜೂನಿನಲ್ಲಿ ಶೇಕಡಾ 51.5ರಷ್ಟು ಮತದಾರರು ಒಪ್ಪಿದರು. ಅರ್ಧಕ್ಕೆ ಅರ್ಧ ದೇಶ ಬೇಡವೆಂದರೂ ಕರಾರು ಉಳಿಯಿತು. 2013ರ ಜುಲೈ 1ರಂದು ಕ್ರೊಯೇಷಿಯ ಒಕ್ಕೂಟ ಸೇರಿತು. ಇಷ್ಟಕ್ಕೇ ಮುಗಿದಿದ್ದರೆ ಕಾನೂನು ಓದುವವರಿಗೆ ಇದೊಂದು ಮಾದರಿ ಪ್ರಕರಣವಾಗುತ್ತಿತ್ತು. 2015ರಲ್ಲಿ ಮಂಡಳಿಯಲ್ಲಿದ್ದ ಸ್ಲೊವೇನಿಯದ ಪಂಚರೂ ಅದೇ ದೇಶದ ಸರಕಾರದ ಪರವಾಗಿದ್ದ ಪ್ರತಿನಿಧಿಯೂ ಗುಟ್ಟಾಗಿ ಮಾತನಾಡಿಕೊಂಡ ಧ್ವನಿಮುದ್ರಿಕೆ ಪತ್ರಿಕೆಗಳಲ್ಲಿ ಹೊರಬಿತ್ತು. ನ್ಯಾಯಪೀಠದಲ್ಲಿ ಕುಳಿತವರು ಒಂದು ಕಕ್ಷಿಯೊಡನೆ ಮರೆಯಲ್ಲಿ ಮಾತನಾಡುವುದಕ್ಕಿಂತ ದೊಡ್ಡ ಅಪಚಾರ ವಕೀಲಿ ವೃತ್ತಿಯಲ್ಲಿ ಇನ್ನೊಂದಿಲ್ಲ. ಇಬ್ಬರೂ ರಾಜೀನಾಮೆ ಕೊಟ್ಟರು. ಕ್ರೊಯೇಷಿಯದ ಸಂಸತ್ತು ಪಂಚಾಯಿತಿಯಿಂದಲೇ ಹೊರನಡೆಯಲು ನಿರ್ಣಯಿಸಿತು.

ಮಂಡಳಿ ಹೊಸ ಸದಸ್ಯರೊಡನೆ ಕೆಲಸ ಮುಂದುವರಿಸಿ 2017ರ ಜೂನ್ 29ರಂದು ತೀರ್ಪಿತ್ತಿತು. ಕೊಲ್ಲಿಯ ಮುಕ್ಕಾಲು ಪಾಲು ಸ್ಲೊವೇನಿಯಕ್ಕೆ. ಕ್ರೊಯೇಷಿಯದ ನೀರಿನಲ್ಲಿ ಎರಡೂವರೆ ನಾಟಿಕಲ್ ಮೈಲಿ ಅಗಲದ ಸಂಚಾರಪಥ ಮುಕ್ತ ಸಾಗರದವರೆಗೆ. ಸ್ಲೊವೇನಿಯಕ್ಕೆ ಬೇಕಾದದ್ದು ಬಹುಮಟ್ಟಿಗೆ ಕಾಗದದ ಮೇಲೆ ಸಿಕ್ಕಿತು. ಕ್ರೊಯೇಷಿಯ ತೀರ್ಪನ್ನು ಒಪ್ಪಲಿಲ್ಲ. ಐರೋಪ್ಯ ನ್ಯಾಯಾಲಯ 2020ರ ಜನವರಿಯಲ್ಲಿ ಈ ವ್ಯಾಜ್ಯ ತನ್ನ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವೆಂದಿತು. ತೀರ್ಪಿನ ಗೆರೆಯನ್ನು ನಂಬಿ ಬಲೆ ಬೀಸಿದ ಪಿರಾನಿನ ಬೆಸ್ತರಿಗೆ ಎದುರು ದಂಡೆಯ ಪೊಲೀಸರಿಂದ ದಂಡದ ಚೀಟಿಗಳು ಬಂದವು. ಗುಟ್ಟಿನ ಆ ಮಾತುಕತೆ ನಡೆಯದೇ ಇದ್ದಿದ್ದರೂ ಹೆಚ್ಚುಕಡಿಮೆ ಇದೇ ತೀರ್ಪು ಬರುತ್ತಿತ್ತು ಎನ್ನಿಸುತ್ತದೆ. ಆಗ ಅದನ್ನು ತಳ್ಳಿಹಾಕುವುದು ಕ್ರೊಯೇಷಿಯಕ್ಕೆ ಇಷ್ಟು ಸುಲಭವಾಗುತ್ತಿರಲಿಲ್ಲ. ಸೇನೆಯೂ ಸಿರಿಯೂ ಕಡಿಮೆಯಿರುವ ದೇಶಕ್ಕೆ ಕೈಯಲ್ಲಿರುವ ದೊಡ್ಡ ಬಂಡವಾಳ ತನ್ನ ಮಾತಿನ ಮೇಲಿನ ನಂಬಿಕೆ. ಅದನ್ನು ಒಂದು ದೂರವಾಣಿ ಸಂಭಾಷಣೆಗೆ ಖರ್ಚು ಮಾಡಿದ್ದು ದುಬಾರಿಯಾಯಿತು.

ಇಟಲಿಯಿಂದ ಸ್ಲೊವೇನಿಯಕ್ಕೆ ಬಂದ ಬೀಗದ ಕೈ ಮುಂದಕ್ಕೂ ಹೋಗಿದೆ. ಮ್ಯಾಸಿಡೋನಿಯವನ್ನು ಹೆಸರಿನ ಸಲುವಾಗಿ ಗ್ರೀಸ್ ಕಾಲು ಶತಮಾನಕ್ಕೂ ಹೆಚ್ಚು ಕಾಯಿಸಿತು. 2018ರಲ್ಲಿ ಆ ದೇಶ ಉತ್ತರ ಮ್ಯಾಸಿಡೋನಿಯ ಎಂದು ಹೆಸರು ಬದಲಿಸಲು ಒಪ್ಪಿಕೊಂಡ ಮೇಲೆ, 2020ರಲ್ಲಿ ಭಾಷೆ ಹಾಗೂ ಇತಿಹಾಸದ ತಕರಾರು ತೆಗೆದು ಬಲ್ಗೇರಿಯ ಅಡ್ಡ ನಿಂತಿತು. ಹಿಂದೆ ಬಾಗಿಲಲ್ಲಿ ನಿಂತು ನೊಂದಿದ್ದ ಕ್ರೊಯೇಷಿಯ ಕೂಡ 2024ರ ಡಿಸೆಂಬರಿನಲ್ಲಿ ಮಾಂಟೆನೆಗ್ರೊದ ಮಾತುಕತೆಯ ಒಂದು ಅಧ್ಯಾಯ ಮುಗಿಯದಂತೆ ತಡೆಯಿತು. ಅವರ ನಡುವಿನ ಹಳೆಯ ಬಾಕಿಗಳಲ್ಲಿ ಒಂದು ತರಬೇತಿ ಹಡಗೂ ಸೇರಿದೆ.

ಸ್ಲೊವೇನಿಯದ ನೀತಿಯ ಇನ್ನೊಂದು ಮುಖ ಕಾಣಿಸುವುದು ರಾಜಧಾನಿ ಲ್ಯುಬ್ಲ್ಯಾನಾಕ್ಕೆ ಹತ್ತಿರದ ಬರ್ದೊ ಎಂಬಲ್ಲಿ. ಉದ್ಯಾನದ ನಡುವಿನ ಹಳೆಯ ಅರಮನೆ. ಟಿಟೊ ಬೇಸಿಗೆಯಲ್ಲಿ ಬಂದಿರುತ್ತಿದ್ದ ತಾಣ. ಬಾಲ್ಕನ್ ನಾಡುಗಳ ನಾಯಕರನ್ನೆಲ್ಲ ಒಂದೇ ಮೇಜಿಗೆ ಕರೆಯುವ ಸಭೆಗಳ ಸಾಲು ಈ ಊರಿನ ಹೆಸರಿನಿಂದಲೇ ಪ್ರಸಿದ್ಧ. 2013ರಿಂದ ಅದನ್ನು ಕರೆಯುವ ಹೊಣೆ ಸ್ಲೊವೇನಿಯ ಮತ್ತು ಕ್ರೊಯೇಷಿಯ ಇಬ್ಬರದೂ. ಕೊಲ್ಲಿಯ ಬಗ್ಗೆ ಜಗಳವಾಡುತ್ತಲೇ ಈ ಸಭೆಗಳನ್ನು ಜೊತೆಯಾಗಿ ನಡೆಸಿದರೆಂಬುದು ಗಮನಿಸತಕ್ಕ ಸಂಗತಿ. 2021ರ ಅಕ್ಟೋಬರಿನಲ್ಲಿ, ಒಕ್ಕೂಟದ ಅಧ್ಯಕ್ಷತೆ ತನ್ನ ಸರದಿಗೆ ಬಂದಾಗ, ಸ್ಲೊವೇನಿಯ ಇಲ್ಲಿಯೇ ಒಕ್ಕೂಟದ ಎಲ್ಲ ನಾಯಕರನ್ನೂ ಬಾಲ್ಕನ್ ನಾಯಕರನ್ನೂ ಕೂಡಿಸಿತು. 2030ರೊಳಗೆ ಬಾಲ್ಕನ್ ದೇಶಗಳನ್ನು ಸೇರಿಸಿಕೊಳ್ಳುವ ಗುರಿಯನ್ನು ಬರವಣಿಗೆಯಲ್ಲಿ ಇಡಬೇಕೆಂಬುದು ಅದರ ಬಯಕೆ. ದೊಡ್ಡವರು ತಾರೀಖಿಗೆ ಒಪ್ಪಲಿಲ್ಲ. ಒಳ್ಳೆಯ ಮಾತುಗಳ ಘೋಷಣೆಯೊಂದು ಹೊರಬಂತು. ಆದರೂ ಮರುವರ್ಷ ಬೋಸ್ನಿಯಕ್ಕೆ ಅಭ್ಯರ್ಥಿ ಸ್ಥಾನ ಸಿಗಲು ಸ್ಲೊವೇನಿಯದ ಪಟ್ಟು ನೆರವಾಯಿತು. 2024ರಲ್ಲಿ ಅದು ಜರ್ಮನಿಯೊಡನೆ ಸೇರಿ, ಮಾತುಕತೆಯ ನಡುವಿನ ಹಂತಗಳಲ್ಲಿ ಸರ್ವಾನುಮತದ ಬದಲು ವಿಶೇಷ ಬಹುಮತ ಸಾಕೆಂಬ ಸಲಹೆಯನ್ನು ಮುಂದಿಟ್ಟಿತು. ಒಂದು ಕಾಲಕ್ಕೆ ತಾನೇ ತಿರುಗಿಸಿದ ಬೀಗದ ಕೈಯನ್ನು ಮೊಂಡು ಮಾಡುವ ಸಲಹೆ. ಇದನ್ನು ಪಶ್ಚಾತ್ತಾಪವೆನ್ನಬೇಕೆ, ಲೆಕ್ಕಾಚಾರವೆನ್ನಬೇಕೆ? ಪುಟ್ಟ ದೇಶಗಳ ವ್ಯವಹಾರದಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕಷ್ಟ.

ಇಷ್ಟೆಲ್ಲ ರಾಜಕಾರಣದಿಂದ ಸಾಮಾನ್ಯ ಜನರಿಗೆ ದಕ್ಕಿದ್ದೇನೆಂಬುದನ್ನು ನೋಡಲು ಮತ್ತೆ ಉತ್ತರಕ್ಕೆ, ಇಟಲಿಯ ಟ್ರಿಯೆಸ್ಟ್ ನಗರಕ್ಕೆ ಬರಬೇಕು. ಸ್ಲೊವೇನರು ಅದನ್ನು ತ್ರಸ್ತ್ ಎನ್ನುತ್ತಾರೆ. ನಗರದ ನಡುವೆ ನರೋದ್ನಿ ದೊಮ್ ಎಂಬ ಕಟ್ಟಡವಿದೆ. ಹೆಸರಿನ ಅರ್ಥ ರಾಷ್ಟ್ರೀಯ ಭವನ. ವಾಸ್ತುಶಿಲ್ಪಿ ಮ್ಯಾಕ್ಸ್ ಫಾಬಿಯಾನಿ ಕಟ್ಟಿದ ಇದು ಅಲ್ಲಿನ ಸ್ಲೊವೇನರ ನಾಟಕಶಾಲೆ, ಬ್ಯಾಂಕು, ಹೋಟೆಲು ಎಲ್ಲವೂ ಆಗಿತ್ತು. 1920ರ ಜುಲೈ 13ರಂದು ಫ್ಯಾಸಿಸ್ಟರು ಅದಕ್ಕೆ ಬೆಂಕಿಯಿಟ್ಟರು. ಉರಿಯುವುದನ್ನು ನೋಡಿದವರಲ್ಲಿ ಆರು ವರ್ಷದ ಬಾಲಕನೊಬ್ಬನಿದ್ದ. ಅವನೇ ಮುಂದೆ ಹೆಸರಾಂತ ಲೇಖಕನಾದ ಬೋರಿಸ್ ಪಾಹೊರ್. ಅನಂತರದ ವರ್ಷಗಳಲ್ಲಿ ಸ್ಲೊವೇನ್ ಶಾಲೆಗಳನ್ನು ಮುಚ್ಚಿದರು, ಕುಲನಾಮಗಳನ್ನೂ ಇಟಾಲಿಯನ್ ರೂಪಕ್ಕೆ ತಿದ್ದಿದರು. ತಾಯ್ನುಡಿಯ ಶಾಲೆಗಳು ಮತ್ತೆ ತೆರೆದದ್ದು 1945ರ ಬಳಿಕ. ‘ಪ್ರಿಮೊರ್ಸ್ಕಿ ದ್ನೆವ್ನಿಕ್’ ಎಂಬ ಸ್ಲೊವೇನ್ ದಿನಪತ್ರಿಕೆ ಅದೇ ವರ್ಷದ ಮೇ ತಿಂಗಳಿನಿಂದ ಟ್ರಿಯೆಸ್ಟಿನಿಂದಲೇ ಹೊರಡುತ್ತಿದೆ, ವಾರಪತ್ರಿಕೆಗಳೂ ಇವೆ. ತಾಯ್ನಾಡಿನ ಗಡಿಯಾಚೆ ಅಚ್ಚಾಗುವ ಪತ್ರಿಕೆ ಏಕೆ ಬೇಕೆಂಬುದನ್ನು ಈ ಪುಟದ ಓದುಗರಿಗೆ ವಿವರಿಸಬೇಕಾಗಿಲ್ಲ.

ಸ್ಲೊವೇನಿಯದ ಸಂವಿಧಾನದ 5ನೆಯ ವಿಧಿ ನೆರೆದೇಶಗಳಲ್ಲಿರುವ ಸ್ಲೊವೇನರ ಹಿತವನ್ನು ಕಾಯುವುದು ರಾಜ್ಯದ ಕರ್ತವ್ಯವೆನ್ನುತ್ತದೆ. 64ನೆಯ ವಿಧಿ ತನ್ನೊಳಗಿನ ಇಟಾಲಿಯನ್, ಹಂಗೇರಿಯನ್ ಸಮುದಾಯಗಳಿಗೆ ಸ್ವಂತ ಶಾಲೆಯ ಹಕ್ಕನ್ನೂ 90 ಸದಸ್ಯರ ಸಂಸತ್ತಿನಲ್ಲಿ ಒಂದೊಂದು ಸ್ಥಾನವನ್ನೂ ಕೊಡುತ್ತದೆ. ಕೇಳುವ ಮೊದಲು ಕೊಡುವ ಈ ಜಾಣತನವೂ ವಿದೇಶಾಂಗ ನೀತಿಯೇ. ಇಟಲಿ 2001ರಲ್ಲಿ ಸ್ಲೊವೇನ್ ಅಲ್ಪಸಂಖ್ಯಾತರಿಗಾಗಿ ಪ್ರತ್ಯೇಕ ಕಾಯಿದೆ ಮಾಡಿತು. ಅದರ ಬಲದಿಂದ ಶ್ಪೆತೆರ್ ಎಂಬ ಗುಡ್ಡಗಾಡಿನ ಊರಿನಲ್ಲಿ ಪೋಷಕರೇ ಮುಂದೆ ಬಂದು ನಡೆಸುತ್ತಿದ್ದ ದ್ವಿಭಾಷಾ ಶಾಲೆ ಸರಕಾರಿ ಶಾಲೆಯಾಯಿತು. ನಮ್ಮ ಸಂವಿಧಾನದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಮಾತನ್ನೇ ಆಡುತ್ತದೆ. ವಿಧಿ ಬರೆದಿರುವುದಕ್ಕೂ ತರಗತಿಗೆ ಆ ಭಾಷೆ ಬಲ್ಲ ಅಧ್ಯಾಪಕರು ಬರುವುದಕ್ಕೂ ನಡುವೆ ಎಷ್ಟು ಅರ್ಜಿಗಳು ಬೇಕಾಗುತ್ತವೆಂಬುದು ಎರಡು ಕಡೆಯ ಪೋಷಕರಿಗೂ ಗೊತ್ತು.

ಆಸ್ಟ್ರಿಯದ ಕಡೆಯ ಒಂದು ಮೊಕದ್ದಮೆಯನ್ನು ಇಲ್ಲಿ ಹೇಳದೆ ಬಿಡಲಾಗದು. ಅಲ್ಲಿನ ಕಾರಿಂಥಿಯ ಪ್ರಾಂತದಲ್ಲಿ ಸ್ಲೊವೇನರಿರುವ ಊರುಗಳಿಗೆ ಎರಡು ಭಾಷೆಯ ನಾಮಫಲಕ ಹಾಕಬೇಕೆಂದು 1955ರ ಒಪ್ಪಂದದ 7ನೆಯ ವಿಧಿ ಹೇಳಿತ್ತು. 1972ರಲ್ಲಿ ಹಾಕಿದ ಫಲಕಗಳನ್ನು ಜನರ ಗುಂಪುಗಳು ಕಿತ್ತೆಸೆದವು. 1994ರಲ್ಲಿ ರುಡಿ ವೌಕ್ ಎಂಬ ಸ್ಲೊವೇನ್ ವಕೀಲರು ಅಂಥದೊಂದು ಊರಿನಲ್ಲಿ ವೇಗಮಿತಿ ಮೀರಿ ಕಾರು ಓಡಿಸಿದರು. ದಂಡ ಬಿದ್ದಾಗ, ಊರಿನ ಫಲಕ ಜರ್ಮನ್ ಒಂದರಲ್ಲೇ ಇರುವುದರಿಂದ ಅದು ಕಾನೂನುಬದ್ಧ ಫಲಕವೇ ಅಲ್ಲ, ಹೀಗಾಗಿ ಮಿತಿಯೂ ಇಲ್ಲ ಎಂದು ವಾದಿಸುತ್ತ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋದರು. 2001ರ ಡಿಸೆಂಬರಿನಲ್ಲಿ ನ್ಯಾಯಾಲಯ ಫಲಕದ ವಾದವನ್ನು ಎತ್ತಿಹಿಡಿಯಿತು. ಅಲ್ಲಿನ ಆಗಿನ ಪ್ರಾಂತಾಧಿಕಾರಿ ಯೋರ್ಗ್ ಹೈಡರ್ ಫಲಕಗಳನ್ನು ಕೆಲವು ಮೀಟರ್ ಸರಿಸಿ, ಇದು ಬೇರೆ ಫಲಕ, ತೀರ್ಪು ಇದಕ್ಕೆ ತಗುಲದು ಎಂದದ್ದೂ ಉಂಟು. 2011ರಲ್ಲಿ 164 ಊರುಗಳಿಗೆ ಎರಡು ಭಾಷೆಯ ಫಲಕವೆಂದು ಒಪ್ಪಂದವಾಯಿತು. ಎರಡೂ ದೇಶಗಳು ಒಂದೇ ಒಕ್ಕೂಟದಲ್ಲಿಲ್ಲದೆ ಹೋಗಿದ್ದರೆ ಈ ಜಗಳ ಇಷ್ಟಕ್ಕೇ ಮುಗಿಯುತ್ತಿತ್ತೆ ಎಂಬುದು ಅನುಮಾನ.

ಬೆಂಕಿಯ ನೂರನೆಯ ವರ್ಷ, 2020ರ ಜುಲೈ 13ರಂದು, ಇಟಲಿ ಮತ್ತು ಸ್ಲೊವೇನಿಯದ ಅಧ್ಯಕ್ಷರು ಟ್ರಿಯೆಸ್ಟಿನ ಹೊರವಲಯದಲ್ಲಿ ಎರಡು ಸ್ಮಾರಕಗಳ ಮುಂದೆ ಕೈ ಕೈ ಹಿಡಿದು ನಿಂತರು. ಒಂದು, ಯುದ್ಧದ ಕೊನೆಯಲ್ಲಿ ಯುಗೊಸ್ಲಾವ್ ಪಡೆಗಳಿಂದ ಸತ್ತ ಇಟಾಲಿಯನ್ನರದು. ಇನ್ನೊಂದು, ಫ್ಯಾಸಿಸ್ಟ್ ಸರಕಾರ 1930ರಲ್ಲಿ ಗುಂಡಿಟ್ಟು ಕೊಂದ ನಾಲ್ವರು ಸ್ಲಾವ್ ಯುವಕರದು. ಅದೇ ದಿನ ನರೋದ್ನಿ ದೊಮ್ ಕಟ್ಟಡವನ್ನು ಸ್ಲೊವೇನ್ ಸಮುದಾಯಕ್ಕೆ ಮರಳಿಸುವ ಪತ್ರಕ್ಕೆ ಸಹಿಯಾಯಿತು. 106 ವರ್ಷದ ಪಾಹೊರ್ ಎರಡೂ ದೇಶಗಳ ಗೌರವ ಸ್ವೀಕರಿಸಿದರು. ಸಹಿಯಾದ ದಿನವೇ ಕಟ್ಟಡ ಕೈಗೆ ಬರಲಿಲ್ಲ. ಅದರಲ್ಲಿ ನಡೆಯುತ್ತಿದ್ದ ವಿಶ್ವವಿದ್ಯಾಲಯದ ವಿಭಾಗಕ್ಕೆ ಮೊದಲು ಬೇರೆ ಜಾಗ ಹುಡುಕಬೇಕಿತ್ತು. ಆ ವಿಭಾಗ ಅನುವಾದಕರನ್ನೂ ದುಭಾಷಿಗಳನ್ನೂ ತಯಾರಿಸುವ ಶಾಲೆ.

ಅದೇ ವರ್ಷದ ಮಾರ್ಚಿನಲ್ಲಿ ಕೊರೊನಾ ಬಂದಾಗ ನೋವಾ ಗೊರಿತ್ಸಾದ ಚೌಕದಲ್ಲಿ ತಂತಿಬೇಲಿ ಮತ್ತೆ ಎದ್ದಿತು. ಮದುವೆಯಾಗಲಿದ್ದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಬೇಲಿಯ ಎರಡು ಕಡೆ ನಿಂತು ಮಾತನಾಡಿದರು. ಬೇಲಿಯನ್ನೇ ಬಲೆಯಾಗಿ ಮಾಡಿಕೊಂಡು ಬ್ಯಾಡ್ಮಿಂಟನ್ ಆಡಿದವರೂ ಇದ್ದರು. ಜೂನಿನಲ್ಲಿ ಬೇಲಿ ಹೋಯಿತು. 2023ರ ಅಕ್ಟೋಬರಿನಲ್ಲಿ ಇಟಲಿ, ಭಯೋತ್ಪಾದನೆಯ ಆತಂಕವನ್ನು ಮುಂದೊಡ್ಡಿ, ಸ್ಲೊವೇನಿಯದ ಗಡಿಯಲ್ಲಿ ತಪಾಸಣೆಯನ್ನು ಮರಳಿ ತಂದಿತು. ಅದರ ಬೆನ್ನಲ್ಲೇ ಸ್ಲೊವೇನಿಯ ಕ್ರೊಯೇಷಿಯ ಹಾಗೂ ಹಂಗೇರಿಯ ಗಡಿಗಳಲ್ಲಿ ಅದನ್ನೇ ಮಾಡಿತು. ಕೆಲವು ದಿನಗಳ ಮಟ್ಟಿಗೆ ಎಂದದ್ದು ಅವಧಿಯಿಂದ ಅವಧಿಗೆ ಮುಂದುವರಿಯಿತು.

2025ರ ಫೆಬ್ರವರಿ 8ರಂದು ಎರಡೂ ಊರುಗಳು ಜೊತೆಯಾಗಿ ಆ ವರ್ಷದ ಐರೋಪ್ಯ ಸಾಂಸ್ಕೃತಿಕ ರಾಜಧಾನಿ ಎನ್ನಿಸಿಕೊಂಡವು. ಸ್ಲೊವೇನರ ಆದ್ಯ ಕವಿ ಪ್ರೆಷೆರೆನ್ ತೀರಿಕೊಂಡ ದಿನವದು. ಒಬ್ಬ ಕವಿಯ ಪುಣ್ಯತಿಥಿಗೆ ಸ್ಲೊವೇನಿಯದಲ್ಲಿ ಸರಕಾರಿ ರಜೆಯಿದೆ. ಗೊರಿತ್ಸಿಯಾ ನಿಲ್ದಾಣದ ಕಡೆಯಿಂದ ಹೊರಟ ಮೆರವಣಿಗೆ ಗೆರೆಯನ್ನು ದಾಟಿ ಈಚೆಗೆ ಬಂತು. ಊರಿನ ವಾಹನದಾರಿಗಳಲ್ಲಿ ಇಟಲಿಯ ಪೊಲೀಸರ ತಪಾಸಣೆ ಆಗಲೂ ಜಾರಿಯಲ್ಲಿತ್ತು. ಚೌಕದಲ್ಲಿ ಮಾತ್ರ ಮಕ್ಕಳು ಫಲಕದ ಎರಡು ಬದಿಗೆ ಕಾಲಿಟ್ಟು ನಿಲ್ಲುತ್ತಿದ್ದರು.